ಎಲೆಕ್ಟರ್ ಇಲ್ಲದ ಮನೆ

ಬ್ಯಾಂಕಿನವರಿಗೆ ವರ್ಗಾವಣೆ ತಪ್ಪದು, ನನ್ನ ಹೆಂಡತಿಗೆ ಓಟು ದಕ್ಕದು. ಮದುವೆಯಾಗಿ ಹುಬ್ಬಳ್ಳಿ ಬಿಟ್ಟಂದಿನಿಂದ ಇದೇ ಕಥೆ. ಪಟ್ಟಿಗೆ ಹೆಸರು ಸೇರುವಷ್ಟರಲ್ಲಿ ಬೇರೆ ಊರಿನ ಆರ್ಡರ್ ಬಂದಿರುತ್ತಿತ್ತು. ಒಂದು ಸಲವಾದರೂ ಓಟು ಹಾಕಬೇಕೆಂಬುದು ಅವಳ ಹಟ. ಅದಕ್ಕೆ ಸಂಬಂಧಪಟ್ಟ ಒಂದು ಇಂಗ್ಲಿಷ್ ಪದ ಮಾತ್ರ ಹೋದಲ್ಲೆಲ್ಲ ನಮ್ಮನ್ನು ಆಟ ಆಡಿಸಿತು.

೧. ರೇಟು

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿದ್ದಾಗ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಮತದಾನದ ಬಗ್ಗೆ ನಾಲ್ಕು ಮಾತಾಡಿ ಎಂದರು. ನನ್ನ ತೆಲುಗು ಅಷ್ಟಕ್ಕಷ್ಟೇ, ಇಂಗ್ಲಿಷಿಗೆ ಇಳಿದೆ. ಮತ ಹಾಕುವ ಹಕ್ಕಿರುವ ಒಬ್ಬರು ಎಲೆಕ್ಟರ್, ಅವರೆಲ್ಲ ಸೇರಿದರೆ ಎಲೆಕ್ಟೊರೇಟ್ ಎಂದು ಬಿಡಿಸಿ ಹೇಳಿ, "ನಮ್ಮ ಕಾಲೋನಿಯ ಎಲೆಕ್ಟೊರೇಟ್ ಇನ್ನೂ ಹೆಚ್ಚಬೇಕು" ಅಂದೆ.

ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. "ಎಲೆಕ್ಟ್ರಿಕ್ ರೇಟು ಹೋದ ತಿಂಗಳಷ್ಟೇ ಹೆಚ್ಚಿಸಿದ್ದಾರೆ ಸಾರ್. ಇನ್ನೂ ಹೆಚ್ಚಬೇಕು ಅಂದರೆ ನಾವು ಬೀಸಣಿಗೆ ಹಿಡೀಬೇಕು."

೨. ಯಾರೂ ಇಲ್ಲ

ಅಲ್ಲೇ ಒಮ್ಮೆ ಮತದಾರರ ಪಟ್ಟಿಯವನೊಬ್ಬ ಮನೆಗೆ ಬಂದ. ನಾನು ಬ್ಯಾಂಕಿನಲ್ಲಿದ್ದೆ. "ಮನೆಯಲ್ಲಿ ಎಲೆಕ್ಟರ್ ಎಷ್ಟು ಜನ ಅಮ್ಮಾ?" ಎಂದು ಕೇಳಿದ್ದಾನೆ. ನನ್ನವಳ ಕಿವಿಗೆ ಅದು ಕಲೆಕ್ಟರ್ ಎಂದು ಬಿದ್ದಿದೆ.

"ಎಲ್ಲಿಯ ಕಲೆಕ್ಟರ್ ರೀ, ನಮ್ಮವರು ಬ್ಯಾಂಕಿನ ಮ್ಯಾನೇಜರ್ ಅಷ್ಟ. ಆ ಯೋಗ ನಮ್ಮ ಮನಿಗಿಲ್ಲ" ಅಂದಳಂತೆ. ಆತ "ಯಾರೂ ಇಲ್ಲ" ಎಂದು ಬರೆದುಕೊಂಡು ಹೋದ.

ಪಟ್ಟಿ ಬಂದ ದಿನ ವಿಷಯ ತಿಳಿದು ಅವಳು ಅತ್ತೇಬಿಟ್ಟಳು. ನನಗೂ ಕೆಡುಕೆನಿಸಿತು. "ಹೋಗಲಿ ಬಿಡು" ಅಂದೆ.

"ನೀವು ಕಲೆಕ್ಟರ್ ಆಗಿದ್ರ ಹಿಂಗ ಆಗ್ತಿತ್ತೇನ್ರಿ?" ಅಂದಳು.

೩. ಗಂಡನ ಹೆಸರು

ವಿಜಯವಾಡಕ್ಕೆ ಬಂದ ವಾರದಲ್ಲೇ ಅವಳೇ ಹೋಗಿ ಅರ್ಜಿ ಕೊಟ್ಟಳು. ಹೆಸರು ಬಂತು. ಮತದಾನದ ದಿನ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಬೂತಿಗೆ ಹೊರಟಳು. ಅಲ್ಲಿ ನೋಡಿದರೆ ಪಟ್ಟಿಯಲ್ಲಿ ಅವಳ ಹೆಸರಿನವರು ಇಬ್ಬರು. "ಗಂಡನ ಹೆಸರು ಹೇಳಿ ಅಮ್ಮಾ" ಎಂದರು ಅಧಿಕಾರಿ.

ನಮ್ಮ ಕಡೆಯ ಹಳೆಯ ಪದ್ಧತಿ, ಗಂಡನ ಹೆಸರನ್ನು ಹಾಗೇ ಹೇಳುವಂತಿಲ್ಲ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಅವಳು ತಲೆ ತಗ್ಗಿಸಿ ನಿಂತಳು. ಗಂಡಸರ ಸಾಲಿನಿಂದ ನಾನು ಬಾಯಿ ತೆರೆದೆ. "ಓಟು ಅವರದು, ಅವರೇ ಹೇಳಲಿ ಸಾರ್" ಎಂದು ಅಧಿಕಾರಿ ತಡೆದರು. ಈ ಸಲವೂ ಓಟು ಹೋಯಿತು ಅಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಶುರು ಮಾಡಿದಳು:

"ಊರೂರು ತಿರುಗೀನಿ ಗಂಟುಮೂಟಿ ಹೊತ್ತು,
ಶಂಕರರಾಯರ ಹೆಂಡತಿಗೆ ಈಗ ಬಂತು ಓಟಿನ ಹೊತ್ತು."

ಅಧಿಕಾರಿಗೆ ತಿಳಿದದ್ದು ಹೆಸರೊಂದೇ, ಅಷ್ಟು ಸಾಕಾಯಿತು. ಬೆರಳಿಗೆ ಶಾಯಿ ಬಿತ್ತು. ಅದನ್ನೇ ನೋಡಿಕೊಳ್ಳುತ್ತ ಅವಳು ಓಟು ಹಾಕಲು ಹೋದಳು. ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಸಾಲಿನಲ್ಲಿ ಅವಳ ಹಿಂದಿದ್ದ ತೆಲುಗು ಹೆಂಗಸು, "ನಮ್ಮ ಮದುವೆಯಲ್ಲೂ ಹೀಗೇ ಹೇಳ್ತೀವಿ" ಎಂದು, ಯಾರೂ ಕೇಳದಿದ್ದರೂ ತನ್ನ ಗಂಡನ ಹೆಸರಿಗೆ ಪದ ಕಟ್ಟಿದಳು. ಅವಳ ಹಿಂದಿನವಳು ಗಂಟಲು ಸರಿಮಾಡಿಕೊಂಡಳು.

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಒಬ್ಬ ಎಲೆಕ್ಟರ್ ಹಾಡಿದರೆ ತಡೆದುಕೊಳ್ಳಬಹುದು ಸಾರ್. ಇಡೀ ಎಲೆಕ್ಟೊರೇಟೇ ಹಾಡೋಕೆ ನಿಂತರೆ ಸಂಜೆ ನಾನು ಬಾಗಿಲು ಹಾಕೋದು ಹೇಗೆ?"