ರವಿಕೆ ಪಾಠದ ಮೇಲೆ ಹೂಮಳೆ

ನನ್ನ ಹೆಂಡತಿ ಸುಧಾ ವರ್ತೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಾಳೆ. ಸುತ್ತಲಿನ ಹೆಂಗಸರು ಬಂದು ಕಲಿಯುತ್ತಾರೆ. ಮನೆಗೆ ಹೋದ ಮೇಲೆ ಮರೆಯುತ್ತಾರೆ. ಮರುದಿನ ಬಂದು ಅದನ್ನೇ ಮತ್ತೆ ಕೇಳುತ್ತಾರೆ. ರವಿಕೆಯ ಚಿತ್ರ ತೋರಿಸಿ, ಜೊತೆಗೆ ತನ್ನ ಮಾತು ಸೇರಿಸಿ, ಚಿಕ್ಕ ವಿಡಿಯೊ ಪಾಠ ಮಾಡಿ ಎಲ್ಲರ ಫೋನಿಗೂ ಕಳಿಸಿದರೆ ಹೇಗೆ ಎಂದು ಅವಳಿಗೆ ಹೊಳೆಯಿತು. ಅಂಥ ಕೆಲಸಕ್ಕೆ ಸಿಗುವ ಸಾಫ್ಟ್‌ವೇರುಗಳನ್ನು ತೆರೆದು ನೋಡಿದಳು. ಒಂದೊಂದೂ ವಿಮಾನ ಓಡಿಸುವವನ ಮುಂದಿನ ಫಲಕದ ಹಾಗಿತ್ತು. ಮುಚ್ಚಿಟ್ಟಳು.

ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವವನು. ಗಂಡನಾಗಿ ನನಗೂ ಒಂದು ಕರ್ತವ್ಯವಿದೆ ಎನ್ನಿಸಿತು. ಒಂದು ಭಾನುವಾರ ಕೂತು ಪುಟ್ಟ ಸಾಫ್ಟ್‌ವೇರ್ ಬರೆದುಕೊಟ್ಟೆ. ಅದರಲ್ಲಿ ಇದ್ದದ್ದು ಮೂರೇ ಬಟನ್: ಚಿತ್ರ, ಮಾತು, ಜೋಡಿಸು. ಸುಧಾ ಅದನ್ನು ನೋಡಿ, ಕಾಫಿ ಆರುವುದರೊಳಗೆ ತೋಳು ಕತ್ತರಿಸುವ ಪಾಠವೊಂದನ್ನು ಮಾಡಿ ಮುಗಿಸಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಅಂಥ ಮೆಚ್ಚುಗೆಯಿಂದ ನೋಡಿದ್ದು ಅದೇ ಮೊದಲು. ಅಲ್ಲಿಗೆ ನಿಲ್ಲಿಸಬೇಕಿತ್ತು.

ನಮ್ಮ ಮನೆ ಮಾಲೀಕರು ಮುನಿರಾಜಪ್ಪ. ಹಿಂದೆ ಹೊಲ ಉಳುತ್ತಿದ್ದ ಜಾಗದಲ್ಲೇ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಸುಧಾಳ ಪಾಠ ಅವರ ಸೊಸೆಯ ಫೋನಿನಲ್ಲಿ ಕಂಡದ್ದೇ ತಡ, ಮೊಮ್ಮಗಳ ನಾಮಕರಣದ ಫೋಟೋಗಳನ್ನು ತಂದರು. ಸಾಫ್ಟ್‌ವೇರ್ ಅವರಿಗೂ ಹಿಡಿಸಿತು. ಆದರೆ ಮಗುವಿನ ಮುಖದ ಮೇಲೆ ಏನೋ ಕಮ್ಮಿ ಇದೆ ಎಂದರು.

"ಒಸಿ ಊ ಬೀಳಂಗೆ ಮಾಡ್ಕೊಡಿ ಸಾ. ಮೇಲಿಂದ ಅಂಗೇ ಉದುರ್ತಾ ಇರ್ಬೇಕು."

ನಾನು ಹೂಮಳೆ ಮಾಡಿಕೊಟ್ಟೆ. ಮಾಲೀಕರು ಕೇಳಿದ್ದು ಅನ್ನುವುದಕ್ಕಿಂತ, ಇನ್ನೊಬ್ಬರು ನನ್ನ ಸೃಷ್ಟಿಯ ಬಗ್ಗೆ ಅಷ್ಟು ಹೊತ್ತು ಮಾತಾಡಿದ್ದೇ ನನಗೆ ಸನ್ಮಾನವಾಗಿತ್ತು.

ಆ ಸನ್ಮಾನದ ಸುದ್ದಿ ಮಹಡಿಗೂ ಏರಿತು. ಅಲ್ಲಿ ಬಾಡಿಗೆಗಿರುವ ಮೂರ್ತಿಗಳು ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತರಾದವರು. ಬಿಡಿಭಾಗಗಳಲ್ಲಿ ಕೊರತೆ ಹುಡುಕುತ್ತಿದ್ದವರಿಗೆ ಈಗ ಹುಡುಕಲು ಏನೂ ಸಿಗದೆ ಕೈ ಕಟ್ಟಿಹಾಕಿದಂತಾಗಿತ್ತು. ನನ್ನ ಸಾಫ್ಟ್‌ವೇರ್ ಸಿಕ್ಕಿತು. ಪ್ರತಿ ವಿಡಿಯೊ ಗಣಪತಿಯ ಚಿತ್ರ ಮತ್ತು ನಾದಸ್ವರದಿಂದ ಶುರುವಾಗಬೇಕು ಎಂದರು. ಆಡಿದ ಮಾತು ಕೆಳಗೆ ಅಕ್ಷರದಲ್ಲಿ ಮೂಡಬೇಕು ಎಂದರು. ಅದೂ ಆದ ಮೇಲೆ, ಮಾತಿನ ನಡುವೆ ಇಂಗ್ಲಿಷ್ ಬಂದರೆ ಅಕ್ಷರದಲ್ಲಿ ಅದು ಅಚ್ಚಗನ್ನಡವಾಗಿ ಬದಲಾಗಬೇಕು, ನುಡಿಸೇವೆ ಎಂದರೆ ಇದೇ ಎಂದರು. ನುಡಿಸೇವೆಗೆ ಇಲ್ಲ ಎನ್ನಲು ನಾನು ಯಾರು?

ಆಫೀಸಿನಲ್ಲಿ ನನ್ನ ಮ್ಯಾನೇಜರ್ ದಿನವಿಡೀ ಇಂಥ ಬೇಡಿಕೆಗಳನ್ನು ತಳ್ಳಿಹಾಕುತ್ತಿದ್ದರು. ಕಲ್ಲು ಮನಸ್ಸಿನ ಮನುಷ್ಯ ಎಂದುಕೊಳ್ಳುತ್ತಿದ್ದೆ. ಮನೆಗೆ ಬಂದು ಎಲ್ಲರಿಗೂ ಹೂಂ ಎನ್ನುತ್ತಿದ್ದೆ. ಫೋಟೋಗೆ ಹೃದಯದಾಕಾರದ ಚೌಕಟ್ಟು, ಚಿತ್ರ ಗರಗರ ತಿರುಗುವ ವ್ಯವಸ್ಥೆ, ಮಾತಿಗೆ ಗುಹೆಯೊಳಗಿನ ಪ್ರತಿಧ್ವನಿ, ಎಲ್ಲ ಬಂದವು. ಬಟನ್‌ಗಳು ಪರದೆಯಲ್ಲಿ ಹಿಡಿಸದಾದಾಗ ಅವನ್ನು ಪಟ್ಟಿಗಳೊಳಗೆ ತುರುಕಿದೆ. ಆ ಪಟ್ಟಿಗಳನ್ನು ಬೇರೆ ಪಟ್ಟಿಗಳೊಳಗೆ ಬಚ್ಚಿಟ್ಟೆ.

ಸುಧಾ ಒಂದು ದಿನ 'ಜೋಡಿಸು' ಬಟನ್ ಹುಡುಕಿ ಹುಡುಕಿ ಸೋತು ನನ್ನನ್ನು ಕರೆದಳು.

"ರೀ, ಒಬ್ಬೊಬ್ರು ಒಂದೊಂದು ಕಡೆ ಜೇಬು ಬೇಕು ಅಂದ್ರೆ ನಾನು ಬ್ಲೌಸ್ ತುಂಬಾ ಜೇಬು ಹೊಲೀತೀನಾ?"

ಅವಳ ಮಾತು ನನ್ನನ್ನು ತಟ್ಟಿತು. ಸರಳತೆ ಮುಖ್ಯ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡು, 'ಸರಳ ವಿಧಾನ' ಎಂಬ ಇನ್ನೊಂದು ಬಟನ್ ಸೇರಿಸಿದೆ. ಅದನ್ನು ಒತ್ತಿದರೆ ಸರಳ, ಅತಿ ಸರಳ, ನನಗೆ ಬೇಕಾದಷ್ಟು ಸರಳ, ಇವುಗಳಲ್ಲಿ ಯಾವುದು ಬೇಕೆಂದು ಅದು ಕೇಳುತ್ತಿತ್ತು.

ಇದೇ ಸಮಯಕ್ಕೆ ಬೊಮ್ಮಸಂದ್ರದ ಕಡೆಯ ಒಂದು ಗಾರ್ಮೆಂಟ್ ಕಾರ್ಖಾನೆಯಿಂದ ಸುಧಾಳಿಗೆ ಕರೆ ಬಂತು. ಹೊಸದಾಗಿ ಸೇರುವ ಹೆಂಗಸರಿಗೆ ಹೊಲಿಗೆ ಕಲಿಸುವ ಕೆಲಸ. ಪಾಠಗಳನ್ನು ಕಂಪ್ಯೂಟರಿನಲ್ಲಿ ತಾನೇ ತಯಾರಿಸಬೇಕು, ಸಂದರ್ಶನದಲ್ಲಿ ಅವರೆದುರೇ ಒಂದು ಪಾಠ ಮಾಡಿ ತೋರಿಸಬೇಕು. ಬಹಳ ವರ್ಷಗಳಿಂದ ಆ ಮುಂದಿನ ಕೋಣೆಯಿಂದ ಆಚೆ ಹೋಗಿ ದುಡಿಯಬೇಕೆಂದು ಆಸೆಪಟ್ಟವಳು ಅವಳು. ಪಾಠದ ಮಾತನ್ನು ಅಡಿಗೆ ಮಾಡುತ್ತ, ಬಟ್ಟೆ ಒಣಹಾಕುತ್ತ ಬಾಯಿಪಾಠ ಮಾಡಿಕೊಂಡಳು. ಏನೂ ಬದಲಾಯಿಸಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ನಾನೂ ಕೊಟ್ಟೆ.

ಆದರೆ ಅಂದು ಬೆಳಿಗ್ಗೆ ಅವಳು ಸೀರೆ ಉಡುವಷ್ಟರಲ್ಲಿ ನನಗೆ ಒಂದು ಸಣ್ಣ ಯೋಚನೆ ಬಂತು. ಅವಳಿಗೆ ಏನನ್ನೂ ಹುಡುಕುವ ಕಷ್ಟವಿರಬಾರದು. ಆದ್ದರಿಂದ 'ಜೋಡಿಸು' ಬಟನನ್ನು ಎದುರಿಗೇ ಇಟ್ಟು, ಅದೊಂದನ್ನು ಒತ್ತಿದರೆ ಎಲ್ಲವೂ ತಾನಾಗಿಯೇ ನಡೆಯುವಂತೆ ಮಾಡಿಬಿಟ್ಟೆ.

ಕಾರ್ಖಾನೆಯ ತರಬೇತಿ ಕೋಣೆಯಲ್ಲಿ ಒಬ್ಬ ಮೇಡಂ ಮತ್ತು ಅವರ ಸಿಬ್ಬಂದಿ ಕೂತಿದ್ದರು. ಲ್ಯಾಪ್‌ಟಾಪ್ ಹೊತ್ತು ತಂದವನೆಂಬ ಅರ್ಹತೆಯ ಮೇಲೆ ನನಗೂ ಹಿಂದೆ ಒಂದು ಕುರ್ಚಿ ಸಿಕ್ಕಿತು. ಸುಧಾ ಚಿತ್ರ ಹಾಕಿದಳು. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದಳು. ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ನನಗೂ ಒಂದು ರವಿಕೆ ಹೊಲಿಯಬೇಕೆನ್ನಿಸಿತು. ಕೊನೆಗೆ 'ಜೋಡಿಸು' ಒತ್ತಿದಳು.

ನಾದಸ್ವರ ಮೊಳಗಿತು. ಗಣಪತಿ ಬಂದ. ಮೇಡಂ ಕೈ ಮುಗಿದರು. ಇಲ್ಲಿಯವರೆಗೆ ಪರವಾಗಿರಲಿಲ್ಲ. ಆಮೇಲೆ ಹೃದಯದಾಕಾರದ ಚೌಕಟ್ಟಿನಲ್ಲಿ ರವಿಕೆ ಗರಗರ ತಿರುಗುತ್ತ ಬಂತು. ಅದರ ಮೇಲೆ ಹೂಮಳೆ ಶುರುವಾಯಿತು. ಸುಧಾಳ ಧ್ವನಿ ಗುಹೆಯೊಳಗಿಂದ ಕೇಳಿಸಿತು. ರವಿಕೆ ಮೈಗೆ ಸರಿಯಾಗಿ ಕೂರಲು ಎದೆಯ ಹತ್ತಿರ ಬಟ್ಟೆ ಮಡಚಿ ಹೊಲಿಯುತ್ತಾರಲ್ಲ, ಅದಕ್ಕೆ ಡಾರ್ಟ್ ಎನ್ನುತ್ತಾರೆ. ಮೂರ್ತಿಗಳ ನುಡಿಸೇವೆಗೆ ಆ ಡಾರ್ಟ್ ಸಿಕ್ಕಿಬಿಟ್ಟಿತು; ನಿಘಂಟಿನಲ್ಲಿ ಆ ಪದಕ್ಕೆ ಬೇರೆ ಅರ್ಥವಿದೆ. ಪರದೆಯ ಕೆಳಗೆ ದಪ್ಪಕ್ಷರದಲ್ಲಿ ಮೂಡಿತು: 'ಈಗ ಎದೆಗೆ ಎರಡು ಈಟಿ ಹಾಕಿ. ಈಟಿಯ ತುದಿ ಚೂಪಾಗಿರಲಿ.'

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಸುಧಾ ನಿಲ್ಲಿಸಲು ಹೋದಳು. ಯಾವ ಬಟನ್ ಒತ್ತಿದರೂ ಹೂವು ಜಾಸ್ತಿಯಾಯಿತು. ರವಿಕೆ ಪೂರ್ತಿ ಮುಚ್ಚಿಹೋಗುವಷ್ಟು ಸುರಿಯಿತು. ಅವಳ ಕಿವಿ ಕೆಂಪಾಗುತ್ತಿದ್ದುದು ಹಿಂದಿನ ಕುರ್ಚಿಯಲ್ಲಿದ್ದ ನನಗೂ ಕಾಣುತ್ತಿತ್ತು. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ, ಮೇಜಿನ ಮೇಲಿದ್ದ ಪೇಪರನ್ನೇ ಮಡಚಿ ಡಾರ್ಟ್ ಅಂದರೆ ಏನೆಂದು ತೋರಿಸಿದಳು. ಮೇಡಂ ಗಮನವಿಟ್ಟು ನೋಡಿದರು. ಕಲಿಸುವುದು ಚೆನ್ನಾಗಿದೆ, ಆದರೆ ಕಂಪ್ಯೂಟರ್ ನಿಮಗೆ ಅಷ್ಟಾಗಿ ಒಗ್ಗಿದ ಹಾಗಿಲ್ಲ ಎಂದರು.

ಇದು ಅನ್ಯಾಯವಾಗಿತ್ತು. ನಾನು ಎದ್ದು ನಿಂತು, ತಪ್ಪು ಅವಳದ್ದಲ್ಲ, ಸಾಫ್ಟ್‌ವೇರಿನದ್ದು ಎಂದೆ. ಯಾರು ಮಾಡಿದ್ದು ಎಂದು ಕೇಳಿದರು. ನಾನೇ, ಅವಳ ಗಂಡ ಎಂದೆ. ಮೇಡಂ ಸುಧಾಳ ಕಡೆ ತಿರುಗಿದರು.

"ಅಯ್ಯೋ ಪಾಪ," ಎಂದರು.

ಕೆಲಸ ಬೇರೆಯವರಿಗೆ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಸುಧಾ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ವರ್ತೂರು ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

"ಆ ಹೂವು ನಿಲ್ಲಿಸೋ ಬಟನ್ ಎಲ್ಲಿತ್ತು ರೀ?"

"ಇರ್ಲಿಲ್ಲ," ಎಂದೆ. "ಅದನ್ನ ಯಾರೂ ಕೇಳಿರ್ಲಿಲ್ಲ."



ಮನೆಗೆ ಬಂದವನೇ ಎಲ್ಲವನ್ನೂ ಕಿತ್ತುಹಾಕುವ ನಿರ್ಧಾರ ಮಾಡಿ, ಮೊದಲು ಬಳಕೆದಾರರಿಗೆ ತಿಳಿಸಲು ಹೊರಟೆ. ಮುನಿರಾಜಪ್ಪ ನಡೆದದ್ದನ್ನು ಕೇಳಿ ನಿಜವಾಗಿಯೂ ನೊಂದುಕೊಂಡರು. ಆಮೇಲೆ, "ನಮ್ಮ ಊ ಒಂದ್ ಬುಟ್ಟು ಮಿಕ್ಕಿದ್ದೆಲ್ಲ ತೆಗ್ದಾಕಿ ಸಾ," ಎಂದರು. ಮೂರ್ತಿಗಳು ಹೂವನ್ನು ಅಗತ್ಯವಾಗಿ ತೆಗೆಯಲೇಬೇಕೆಂದರು. ಈಟಿಯ ವಿಷಯಕ್ಕೆ ಮಾತ್ರ, ತಪ್ಪು ಪದದಲ್ಲಿಲ್ಲ, ಅದನ್ನು ಅರ್ಥ ಮಾಡಿಕೊಳ್ಳದ ಕಾರ್ಖಾನೆಯಲ್ಲಿದೆ ಎಂದು ವಾದಿಸಿದರು. ನಾನು ಎಲ್ಲವನ್ನೂ ತೆಗೆದೆ. ಮುನಿರಾಜಪ್ಪ ನನ್ನ ನಮಸ್ಕಾರಕ್ಕೆ ಬೇರೆ ಕಡೆ ನೋಡತೊಡಗಿದರು. ಮೂರ್ತಿಗಳು ನನ್ನನ್ನು ಕನ್ನಡದ್ರೋಹಿ ಎಂದು ತರಕಾರಿ ಗಾಡಿಯವನ ಹತ್ತಿರ ಹೇಳಿದರಂತೆ.

ಚಿತ್ರ, ಮಾತು, ಜೋಡಿಸು. ಮತ್ತೆ ಅಷ್ಟೇ ಉಳಿಸಿ ಲ್ಯಾಪ್‌ಟಾಪನ್ನು ಸುಧಾಳ ಮುಂದಿಟ್ಟೆ. ಅವಳು ಅನುಮಾನದಿಂದಲೇ ಕೂತಳು. ಒಂದು ಪಾಠ ಮಾಡಿದಳು. ಮುಖ ಸ್ವಲ್ಪ ಸಡಿಲವಾಯಿತು.

"ಮಧ್ಯ ಒಂದು ಮಾತು ತಪ್ಪಿದ್ರೆ ಅಷ್ಟನ್ನ ಮಾತ್ರ ಅಳಿಸೋ ಹಾಗಿದ್ರೆ ಚೆನ್ನಾಗಿರುತ್ತೆ ಕಣ್ರೀ. ಇಲ್ದಿದ್ರೆ ಪೂರ್ತಿ ಮತ್ತೆ ಹೇಳ್ಬೇಕು."

ಅಷ್ಟು ಬೇಡಿಕೆಗಳ ನಡುವೆ ನಿಜಕ್ಕೂ ಬೇಕಾಗಿದ್ದ ಬೇಡಿಕೆ ಅದೊಂದೇ. ಆದರೆ ನಾನು ಅಷ್ಟರಲ್ಲಿ ಪಾಠ ಕಲಿತವನಾಗಿದ್ದೆ. ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, ಸರಳತೆಯೆಂಬುದು ಒಂದು ವ್ರತ, ಒಂದು ಬಟನ್‌ಗೆ ಬಾಗಿಲು ತೆರೆದರೆ ಹಿಂದೆ ಇಡೀ ಬೀದಿ ನುಗ್ಗುತ್ತದೆ ಎಂದು ವಿವರಿಸಿ, ಸಾಧ್ಯವಿಲ್ಲ ಎಂದೆ.

ಸುಧಾ ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ತನ್ನ ಫೋನನ್ನು ಹೊಲಿಗೆ ಯಂತ್ರದ ಎದುರು ಡಬ್ಬಿಗೆ ಒರಗಿಸಿ, ಕತ್ತರಿ ಹಿಡಿದು ಮಾತಾಡುತ್ತ ನೇರವಾಗಿ ವಿಡಿಯೊ ಮಾಡಿಕೊಂಡಳು. ಈಗಲೂ ಹಾಗೇ ಮಾಡುತ್ತಾಳೆ. ಕಲಿಯಲು ಬರುವವರು ಹೆಚ್ಚಾಗಿದ್ದಾರೆ.

ನನ್ನ ಸಾಫ್ಟ್‌ವೇರ್ ಕೊನೆಗೂ ಪರಿಪೂರ್ಣ ಸರಳತೆಯನ್ನು ಮುಟ್ಟಿದೆ. ಅದರಿಂದ ಯಾರಿಗೂ ಯಾವ ತೊಂದರೆಯೂ ಇಲ್ಲ. ಅದನ್ನು ಬಳಸುವವರು ಯಾರೂ ಇಲ್ಲ.