ಗೊರಕೆ ಆಮೆಯ ಎಡಬಲ

ಜಗಳದ ಮೂಲ ಒಂದು ಹೊಲಿಗೆ ಯಂತ್ರ. ಅದೂ ಕಾಲಿನಿಂದ ತುಳಿಯುವ ಹಳೆಯ ಯಂತ್ರ. ಕಟ್ಟಡದ ಎರಡನೇ ಮಹಡಿಯಲ್ಲಿ ಟೈಲರಮ್ಮ ಅದನ್ನು ತುಳಿದರೆ ಒಂದನೇ ಮಹಡಿಯಲ್ಲಿ ನರ್ಸಕ್ಕನ ನೆತ್ತಿಯ ಮೇಲೆ ಗೂಡ್ಸ್ ರೈಲು ಓಡುತ್ತಿತ್ತು. ನರ್ಸಕ್ಕ ಬದುಕಿಡೀ ರಾತ್ರಿ ಪಾಳಿ ಮಾಡಿ ನಿವೃತ್ತಳಾದವಳು. ಲೋಕ ಎದ್ದಿರುವಾಗ ಮಲಗುವ ಅಭ್ಯಾಸ, ಕೆಲಸ ಬಿಟ್ಟ ಮೇಲೂ ಅವಳನ್ನು ಬಿಟ್ಟಿರಲಿಲ್ಲ. ಟೈಲರಮ್ಮನಿಗೋ, ಬೆಳಿಗ್ಗೆ ಮನೆಗೆಲಸ, ಸಂಜೆ ಅಳತೆ ಕೊಡುವವರ ಸಾಲು. ಯಂತ್ರದ ಮುಂದೆ ಕೂರಲು ಸಿಗುವುದು ಮಧ್ಯಾಹ್ನ ಮಾತ್ರ. ಒಬ್ಬಳ ನಿದ್ದೆಯೂ ಇನ್ನೊಬ್ಬಳ ಹೊಲಿಗೆಯೂ ದಿನವೂ ಒಂದೇ ಹೊತ್ತಿಗೆ ಡಿಕ್ಕಿ ಹೊಡೆಯುತ್ತಿದ್ದವು.

ಕಟ್ಟಡದ ಸಂಘ ಕೊನೆಗೆ ತೀರ್ಮಾನ ಹೇಳಿತ್ತು. ಮುಂದಿನ ವಾರದಿಂದ ಮಧ್ಯಾಹ್ನ ಮನೆಗಳಲ್ಲಿ ಯಂತ್ರ ತುಳಿಯುವಂತಿಲ್ಲ. ಬೇಕಾದರೆ ನೆಲಮಹಡಿಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಟ್ಟಿರುವ ಖಾಲಿ ಕೋಣೆಗೆ ಅದನ್ನು ಇಳಿಸಬಹುದು. ಆದರೆ ಕೋಣೆಯ ಮೇಲೆ ಇನ್ನೂ ಮೂವರ ಕಣ್ಣಿತ್ತು. ಕಾರ್ಯದರ್ಶಿಗಳಿಗೆ ತಮ್ಮ ವ್ಯಾಯಾಮದ ಸೈಕಲ್ ಇಡಬೇಕಿತ್ತು, ಸದ್ಯ ಅದರ ಮೇಲೆ ಟವೆಲು ಒಣಗುತ್ತಿದ್ದರೂ. ಸಂಗೀತದ ಮೇಡಂಗೆ ಪಾಠ ಹೇಳಬೇಕಿತ್ತು. ನರ್ಸಕ್ಕ ತನಗೂ ಬೇಕು ಅಂದಳು. ಯಾಕೆ ಅಂತ ಹೇಳಲಿಲ್ಲ. ತನ್ನ ಯಂತ್ರ ಅಲ್ಲಿಗೂ ಬರಬಾರದು ಅಂತಲೇ ಇರಬೇಕು ಎಂದು ಟೈಲರಮ್ಮ ಅಂದುಕೊಂಡಳು.

ಚೀಟಿ ಎತ್ತೋಣವೆಂದರೆ ಅದರ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಹಿಂದೊಮ್ಮೆ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಚೀಟಿ ಎತ್ತಿದಾಗ ಎಲ್ಲ ಚೀಟಿಯಲ್ಲೂ ಕಾರ್ಯದರ್ಶಿಗಳ ಹೆಸರೇ ಇತ್ತು. "ಕೈಬರಹ ಅಭ್ಯಾಸ ಮಾಡ್ತಿದ್ದೆ" ಅಂದಿದ್ದರು ಅವರು. ಹಾಗಾಗಿ ಈ ಸಲ ಮೃಗಕೋಟೆ ಆಡಿ ಗೆದ್ದವರಿಗೆ ಕೋಣೆ ಎಂದಾಯಿತು.

ಮೃಗಕೋಟೆ ಮಕ್ಕಳ ಕಾರ್ಡಿನ ಆಟ. ಪೊಟ್ಟಣದಲ್ಲಿ ಬರುವ ಕಾರ್ಡುಗಳನ್ನು ಕೂಡಿಸಿ, ಬದಲಾಯಿಸಿಕೊಂಡು, ಎದುರಾಳಿಯ ಕೋಟೆ ಕೆಡವಬೇಕು. ಪ್ರತಿ ಕೋಟೆಗೆ ಇಪ್ಪತ್ತು ಕಲ್ಲು. ಕಲ್ಲೆಲ್ಲ ಉರುಳಿದರೆ ಸೋಲು. ಮಕ್ಕಳಿಂದ ಶುರುವಾದದ್ದು ಶೀತದ ಹಾಗೆ ಮನೆಮಂದಿಗೆಲ್ಲ ಅಂಟಿತ್ತು. ಕಾರ್ಯದರ್ಶಿಗಳ ಬಳಿಯಂತೂ ಹೊಳೆಯುವ ಹುಲಿ, ಬೆಂಕಿಯ ಹದ್ದುಗಳ ದಂಡೇ ಇತ್ತು.

ಟೈಲರಮ್ಮ ಒಂದು ಪೊಟ್ಟಣವನ್ನೂ ಕೊಂಡವಳಲ್ಲ. ಅವಳ ಕಾರ್ಡುಗಳೆಲ್ಲ ಚಡ್ಡಿಯ ಜೇಬಿನಿಂದ ಬಂದವು. ಉದ್ದ ಮಾಡಲು, ಗುಂಡಿ ಹಾಕಲು ಬರುವ ಮಕ್ಕಳ ಬಟ್ಟೆಯಲ್ಲಿ ಒಂದಾದರೂ ಕಾರ್ಡು ಸಿಗುತ್ತಿತ್ತು. ಹುಲಿಯನ್ನು ಯಾವ ಮಗುವೂ ಜೇಬಿನಲ್ಲಿ ಮರೆಯುವುದಿಲ್ಲ, ಮರೆಯುವುದು ಬೇಡವಾದದ್ದನ್ನು. ವಾಪಸ್ ಕೊಡಹೋದರೆ ತಾಯಂದಿರು, "ಅಯ್ಯೋ, ಅದು ಕಸ ಅಂತೆ ಕಣ್ರೀ, ಬಿಸಾಕಿ" ಅನ್ನುತ್ತಿದ್ದರು. ಅವಳಿಗೆ ಬಿಸಾಕಲು ಕೈ ಬರುತ್ತಿರಲಿಲ್ಲ. ಗೇಣುದ್ದದ ಬಟ್ಟೆಯ ಚೂರನ್ನೂ ಎತ್ತಿಡುವ ಜೀವ ಅದು. ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟು, ನೂಲು ತುಂಡಾದಾಗ, ಸೂಜಿ ಮುರಿದಾಗ ಒಂದೊಂದೇ ತೆಗೆದು ಓದುತ್ತಿದ್ದಳು.

ಗೊರಕೆ ಆಮೆ: ಇದು ಯಾರನ್ನೂ ಹೊಡೆಯುವುದಿಲ್ಲ. ಇದು ಸದಾ ಮಲಗಿರುತ್ತದೆ; ಇದನ್ನೂ ಇದರ ಎಡಬಲದಲ್ಲಿ ಇರುವವರನ್ನೂ ಯಾರೂ ಮುಟ್ಟುವಂತಿಲ್ಲ.

ಬಸವನಹುಳು: ಇಡೀ ಆಟದಲ್ಲಿ ಒಂದೇ ಪೆಟ್ಟು. ಎಷ್ಟು ಸುತ್ತು ಕಾದಿತ್ತೋ ಅಷ್ಟು ಕಲ್ಲು ಉರುಳುತ್ತವೆ.

ಆಕಳಿಕೆ: ಎರಡೂ ಕಡೆಯವರು ಒಂದು ಸುತ್ತು ನಿದ್ದೆ ಹೋಗುತ್ತಾರೆ.

ಬಸವನಹುಳು ಕಾಯುವಷ್ಟರಲ್ಲಿ ಯಾರಾದರೂ ತುಳಿದುಬಿಡುತ್ತಾರೆ ಅಂತ ಮಕ್ಕಳು ಅದನ್ನು ಬಿಟ್ಟಿದ್ದರು. ಆಕಳಿಕೆಯಿಂದ ತಮ್ಮ ಹುಲಿಯೂ ಮಲಗುತ್ತದೆ ಅಂತ ಅದನ್ನೂ ಬಿಟ್ಟಿದ್ದರು. ಒಂದು ಮಧ್ಯಾಹ್ನ ಟೈಲರಮ್ಮ ಆಮೆಯನ್ನು ನಡುವೆ ಇಟ್ಟು, ಎಡಕ್ಕೊಂದು ಬಲಕ್ಕೊಂದು ಬಸವನಹುಳು ಕೂರಿಸಿ, ಮೇಲೊಂದು ಆಕಳಿಕೆ ಇಟ್ಟು ನೋಡಿದಳು. ನಿದ್ದೆ ಮಾಡಿದರೂ ಕಾದ ಹಾಗೆಯೇ ಅಲ್ಲವೆ? ಎಲ್ಲರೂ ಮಲಗಿದ ಮೇಲೆ ತಾನು ಎದ್ದಿದ್ದು, ಎಲ್ಲರದೂ ಮುಗಿದ ಮೇಲೆ ತನ್ನ ಸರದಿ ಎಂದು ಕಾದ ವರ್ಷಗಳು ಅವಳಿಗಿದ್ದವು. ಹೊರಗೆ ಏನೂ ನಡೆಯದ ಹಾಗೆ ಕಾಣುವಾಗಲೇ ಒಳಗೆ ಏನೋ ಸೇರುತ್ತಾ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಟದ ಭಾನುವಾರ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗಂಡ ಮೇಜಿನ ಮುಂದೆ ಮುಗುಳ್ನಗುತ್ತಾ ಕೂತಿದ್ದ. ಅವನು ಹಾಗೆ ನಕ್ಕಾಗಲೆಲ್ಲ ಮನೆಯಲ್ಲಿ ಏನೋ ಒಂದು ಒಡೆದಿರುತ್ತಿತ್ತು.

"ನಿನ್ನ ಕಾರ್ಡೆಲ್ಲ ಸರಿ ಮಾಡಿಟ್ಟೆ ಕಣೇ" ಅಂದ.

"ಸರಿ ಮಾಡೋದು ಅಂದ್ರೆ?"

"ಕಸ ತೆಗೆದುಹಾಕ್ದೆ. ಆಮೆ, ಹುಳು, ಆಕಳಿಕೆ. ಯಾರು ಗೆಲ್ತಾರೆ ಅದ್ರಲ್ಲಿ? ಎದುರುಮನೆಯವರ ಹತ್ರ ಕೇಳಿ ಮೂರು ಕರಡಿ ತಂದಿದೀನಿ ನೋಡು. ಒಂದಕ್ಕೆ ಕೋರೆಹಲ್ಲೂ ಇದೆ."

"ತೆಗೆದಿದ್ದನ್ನ ಎಲ್ಲಿ ಹಾಕಿದ್ರಿ?"

"ಕಸದ ಬುಟ್ಟಿಗೆ. ಬುಟ್ಟಿ ಕೆಳಗೂ ಇಟ್ಟುಬಂದೆ. ನಿನಗೆ ಯಾಕೆ ತೊಂದ್ರೆ ಅಂತ."

ಟೈಲರಮ್ಮ ಒದ್ದೆ ಕೂದಲಲ್ಲೇ ಮೆಟ್ಟಿಲಿಳಿದಳು. ಗೇಟಿನ ಬಳಿ ಇಡೀ ಕಟ್ಟಡದ ಕಸ ದೊಡ್ಡ ಚೀಲದೊಳಗೆ ಒಂದಾಗಿ ಕೂತಿತ್ತು. ಅವಳು ಮಂಡಿಯೂರಿ ಈರುಳ್ಳಿ ಸಿಪ್ಪೆ, ಚಹಾದ ಚರಟ ಸರಿಸುತ್ತಿದ್ದಾಗ ಕಾರ್ಯದರ್ಶಿಗಳು ಮೇಲಿನಿಂದ ಬಗ್ಗಿ, "ಟೈಲರಮ್ಮ, ಬೆಳಿಗ್ಗೆ ಬೆಳಿಗ್ಗೆ ಏನು ಕಳಕೊಂಡ್ರಿ?" ಎಂದು ಕೇಳಿದರು.

"ಒಂದು ಆಮೆ."

"ನಿಧಾನ ಹುಡುಕಿ. ಎಲ್ಲಿ ಓಡಿಹೋಗುತ್ತೆ" ಎಂದು ಒಳಗೆ ಹೋದರು.

ಸಿಕ್ಕವು. ಆದರೆ ಹುಳು, ಆಕಳಿಕೆಗಳ ಮೇಲೆ ಚಹಾ, ಆಮೆಯ ಬೆನ್ನಿಗೆ ಅಂಟು. ಅವಳು ಹತಾಶಳಾಗಿ ಮೆಟ್ಟಿಲ ಮೇಲೆ ಕೂತಿದ್ದಾಗ ನರ್ಸಕ್ಕನ ಬಾಗಿಲು ತೆರೆಯಿತು. ನರ್ಸಕ್ಕ ಕಾರ್ಡು ನೋಡಿದಳು, ಅವಳ ಮುಖ ನೋಡಿದಳು, ಒಳಗೆ ಹೋಗಿ ಹತ್ತಿಯನ್ನೂ ಸ್ಪಿರಿಟ್ಟನ್ನೂ ತಂದಳು.

"ತಾ ಇಲ್ಲಿ. ಉಜ್ಜಬಾರದು, ಒತ್ತಿ ತೆಗೀಬೇಕು." ಒಂದೊಂದನ್ನೂ ಗಾಯ ಒರೆಸುವ ಹಾಗೆ ಒರೆಸಿ ಬೆಳಕಿಗೆ ಹಿಡಿದಳು. "ಬದುಕ್ಕೊಳ್ತಾವೆ."

"ಅಕ್ಕಾ, ನಾನು ನಿಮ್ಮ ಮೇಲೂ ಆಡ್ಬೇಕಾಗಬಹುದು."

"ಆಡು. ಅದಕ್ಕೂ ಇದಕ್ಕೂ ಏನು? ರೋಗಿ ಯಾರ ಕಡೆಯೋನು ಅಂತ ಕೇಳಿ ಔಷಧಿ ಕೊಡಕ್ಕಾಗತ್ತಾ?"

ಇಷ್ಟು ವರ್ಷ ಅವರಿಬ್ಬರ ನಡುವೆ ಮಾತೆಂದರೆ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರು ಕುಟ್ಟುವುದು, ಮೇಲಿನಿಂದ ತುಳಿತ ನಿಲ್ಲಿಸುವುದು, ಅಷ್ಟೆ.

ಹತ್ತು ಗಂಟೆಗೆ ನೆಲಮಹಡಿಯ ಹಜಾರದಲ್ಲಿ ಮೇಜು ಹಾಕಿದರು. ಮೊದಲು ಕಾರ್ಯದರ್ಶಿಗಳೂ ಟೈಲರಮ್ಮನೂ. ಕಾರ್ಯದರ್ಶಿಗಳು ಒಂದು ಹುಲಿ, ಅದರ ಪಕ್ಕ ಇನ್ನೊಂದು ಹುಲಿ ಇಳಿಸಿದರು. ಟೈಲರಮ್ಮ ಆಮೆ ಇಳಿಸಿದಳು.

"ಇದೇನಾ ಕಳೆದುಹೋಗಿದ್ದ ಆಸ್ತಿ?" ಅಂದರು ಅವರು. ಸುತ್ತಲಿದ್ದವರೆಲ್ಲ ನಕ್ಕರು. ಗಂಡ ಹಿಂದಿನಿಂದ ಪಿಸುಗುಟ್ಟಿದ: "ಕರಡಿ ಹಾಕೇ, ಕೋರೆಹಲ್ಲಿಂದು."

ಅವಳು ಎರಡು ಹುಳು ಕೂರಿಸಿದಳು. ಹುಲಿಗಳು ಹುಳುಗಳನ್ನು ಮುಟ್ಟಲಾಗದೆ ಕೋಟೆಯ ಕಲ್ಲು ಉರುಳಿಸತೊಡಗಿದವು. ಉರುಳಿಸಿದಾಗಲೆಲ್ಲ ಅವಳು ಒಂದು ಆಕಳಿಕೆ ಇಳಿಸಿದಳು. ಹುಲಿಗಳು ಮಲಗಿದವು, ಎದ್ದವು, ಮತ್ತೆ ಮಲಗಿದವು. ಆಟ ಎಷ್ಟು ನಿಧಾನವಾಯಿತೆಂದರೆ ನೋಡುತ್ತಿದ್ದವರೂ ಆಕಳಿಸತೊಡಗಿದರು. ಸಂಗೀತದ ಮೇಡಂ ಆಕಳಿಸಿದ್ದಂತೂ ಶ್ರುತಿಬದ್ಧವಾಗಿತ್ತು. ಕಾರ್ಯದರ್ಶಿಗಳು ಬೇಸತ್ತು, ಮೂರನೇ ಹುಲಿಗೆ ಜಾಗ ಹುಡುಕುತ್ತಿದ್ದಾಗ ಟೈಲರಮ್ಮ ಮೆಲ್ಲಗೆ, "ಈಗ ನನ್ನ ಹುಳುಗಳು ಹೊಡೀತಾವೆ ಅಂತ ಕಾಣತ್ತೆ" ಅಂದಳು. ಎಡದ ಹುಳು ಹನ್ನೊಂದು, ಬಲದ ಹುಳು ಹತ್ತು. ಒಂದೇ ಸಲಕ್ಕೆ ಕೋಟೆ ನೆಲಸಮ.

ಕಾರ್ಯದರ್ಶಿಗಳು ನಿಯಮದ ಹಾಳೆಯನ್ನು ಮುಂದೆ ಓದಿ, ಹಿಂದೆ ಓದಿ, ತಲೆಕೆಳಗು ಮಾಡಿಯೂ ನೋಡಿ ಕೊನೆಗೆ ಕೈಮುಗಿದರು.

ಆಮೇಲೆ ನರ್ಸಕ್ಕ ಸಂಗೀತದ ಮೇಡಂರನ್ನು ಎರಡೇ ನಿಮಿಷದಲ್ಲಿ ಮಣಿಸಿದಳು. ಕೊನೆಯ ಆಟದಲ್ಲಿ ಅವಳದು ಹದ್ದುಗಳ ಪಡೆ. ಅವಳಿಗೆ ಬೇಸರವೂ ಆಗಲಿಲ್ಲ, ಆಕಳಿಕೆಯೂ ಬರಲಿಲ್ಲ; ರಾತ್ರಿಗಳನ್ನು ಕಣ್ಣುಮುಚ್ಚದೆ ಕಳೆದವಳು. ಹದ್ದು ಎದ್ದಾಗಲೆಲ್ಲ ತಪ್ಪದೆ ಹೊಡೆದಳು. ಟೈಲರಮ್ಮನ ಕೋಟೆಯಲ್ಲಿ ಎರಡೇ ಕಲ್ಲು ಉಳಿದವು. ಹುಳುಗಳು ತಲಾ ಒಂಬತ್ತು ಸುತ್ತು ಕಾದಿದ್ದವು. ಇನ್ನೊಂದು ಸುತ್ತು ಬೇಕು, ಕೈಯಲ್ಲಿ ಆಕಳಿಕೆ ಮುಗಿದಿದೆ. ಮಧ್ಯಾಹ್ನಗಳು, ಮನೆಯಲ್ಲಿ ಅರ್ಧಕ್ಕೆ ನಿಂತ ಶಾಲೆಯ ಸಮವಸ್ತ್ರಗಳ ಕಟ್ಟು, ಎಲ್ಲ ಕಣ್ಣಮುಂದೆ ಬಂದವು. ಕಟ್ಟಿನಿಂದ ಒಂದು ಕಾರ್ಡು ಎಳೆದಳು. ಚಹಾದ ಕಲೆ ಇನ್ನೂ ಪೂರ್ತಿ ಹೋಗದ ಕೊನೆಯ ಆಕಳಿಕೆ.

ಹದ್ದುಗಳು ಮಲಗಿದವು. ಹುಳುಗಳು ಹೊಡೆದವು. ಹತ್ತು, ಹತ್ತು.

"ನಾನೇ ಒರೆಸಿಕೊಟ್ಟಿದ್ದು ಅದನ್ನ" ಎಂದು ನರ್ಸಕ್ಕ ಗಟ್ಟಿಯಾಗಿ ನಕ್ಕಳು. ಆದರೆ ಕೋಣೆಯ ಕಡೆ ಒಮ್ಮೆ ನೋಡಿದ ಅವಳ ಕಣ್ಣಿನಲ್ಲಿ ನಗು ಇರಲಿಲ್ಲ. ಟೈಲರಮ್ಮ ಅದನ್ನು ಕಂಡೂ ಕಾಣದಂತೆ ಮಾಡಿದಳು.

ಊಟವಾದ ಮೇಲೆ ಯಂತ್ರ ಇಳಿಯಿತು. ನಾಲ್ವರು ಹಿಡಿದರು; ಗಂಡ ಹಿಡಿಯದೆ ಅಪ್ಪಣೆ ಕೊಟ್ಟ. ಮುರಿದ ಕುರ್ಚಿಗಳು ಹೊರಬಿದ್ದವು, ಕಾರ್ಯದರ್ಶಿಗಳೇ ಬಲ್ಬು ತಂದು ಹಾಕಿದರು, ಸಂಗೀತದ ಮೇಡಂ ನೆಲ ಒರೆಸಿದರು. ಸೋತವರೆಲ್ಲ ತನ್ನ ಕೋಣೆ ಸಿಂಗರಿಸುತ್ತಿರುವುದನ್ನು ನೋಡಿ ಟೈಲರಮ್ಮನಿಗೆ ಇವರಲ್ಲಿ ಯಾರ ಋಣವನ್ನು ಯಾವಾಗ ತೀರಿಸಲಿ ಅನ್ನಿಸಿತು. ಎಲ್ಲರೂ ಹೋದ ಮೇಲೆ ನೂಲು ಪೋಣಿಸಿ, ಬಾಗಿಲು ಓರೆ ಮಾಡಿ, ಹಗುರ ಮನಸ್ಸಿನಿಂದ ತುಳಿಯತೊಡಗಿದಳು.

ಮೊದಲ ತೋಳು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ನರ್ಸಕ್ಕ ನಿಂತಿದ್ದಳು. ತಲೆ ಕೆದರಿತ್ತು, ಬಗಲಲ್ಲಿ ದಿಂಬಿತ್ತು.

"ಏನಮ್ಮಾ, ಇಷ್ಟು ದಿನ ಸದ್ದು ನೆತ್ತಿ ಮೇಲೆ ಬೀಳ್ತಿತ್ತು. ಈಗ ಬೆನ್ನಿಗೆ ಗುದ್ದುತ್ತಾ ಇದೆ."

ಟೈಲರಮ್ಮ ಮೇಲೆ ನೋಡಿದಳು. ಸೂರು. ಸೂರಿನ ಮೇಲೆ ಒಂದನೇ ಮಹಡಿ. ಒಂದನೇ ಮಹಡಿಯ ಈ ಮೂಲೆಯಲ್ಲಿ ನರ್ಸಕ್ಕನ ಮಂಚ. ಸಂಘ ತೀರ್ಮಾನ ಹೇಳುವಾಗ, ತಾನು ಕಸ ಕೆದಕುವಾಗ, ನಾಲ್ವರು ಯಂತ್ರ ಇಳಿಸುವಾಗ, ಇಡೀ ಕಟ್ಟಡದಲ್ಲಿ ಒಬ್ಬರಾದರೂ ತಲೆಯೆತ್ತಿ ನೋಡಿರಲಿಲ್ಲ.

"ಅಕ್ಕಾ," ಅಂದಳು ಸೂರಿನಿಂದ ಕಣ್ಣಿಳಿಸಿ, "ನಿಮಗೆ ಈ ಕೋಣೆ ಯಾಕೆ ಬೇಕಿತ್ತು?"

"ಇನ್ಯಾಕೆ, ಮಂಚ ಹಾಕ್ಕೊಳ್ಳೋಕೆ. ಇಲ್ಲಿಗೂ ನಿನ್ನ ಮನೆಗೂ ನಡುವೆ ಒಂದು ಮಹಡಿ ಇದೆ, ಸದ್ದು ಮುಟ್ಟಲ್ಲ. ನಾನು ಇಲ್ಲಿ ಮಲಗ್ತೀನಿ, ನೀನು ಅಲ್ಲಿ ನಿನ್ನ ಪಾಡಿಗೆ ಹೊಲ್ಕೋತೀಯ ಅಂತ ಲೆಕ್ಕ ಹಾಕಿದ್ದೆ. ಸಂಘದವರಿಗೆ ಆಟ ಮುಗಿದ ಮೇಲೆ ಹೇಳೋಣ ಅಂತಿದ್ದೆ. ನೀನು ಗೆದ್ದುಬಿಟ್ಟೆ."

ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಇದೇ ಇರಬೇಕು. ಸುಮ್ಮನೆ ಆ ಮೂರು ಕರಡಿಗಳನ್ನು ಹಿಡಿದು ಆಡಿ ಸೋತಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಸರಿಹೋಗಿರುತ್ತಿತ್ತು. ಗಂಡ ಮೊದಲ ಬಾರಿಗೆ ಒಳ್ಳೆಯ ಕೆಲಸ ಮಾಡಿದ್ದ. ಅದನ್ನೂ ಅವಳೇ ಕೈಯಾರೆ ಕೆಡಿಸಿದ್ದಳು. ಅವಳಿಗೆ ಅಳು ಬರುವ ಜಾಗದಲ್ಲಿ ನಗು ಬಂತು. ನರ್ಸಕ್ಕನೂ ದಿಂಬು ಅಪ್ಪಿಕೊಂಡು ನಕ್ಕಳು.

ಅದೇ ನಾಲ್ವರು ಯಂತ್ರ ಮೇಲೆ ಹತ್ತಿಸಿದರು. ಅವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಂಚ ಕೆಳಗಿಳಿಯಿತು. ನರ್ಸಕ್ಕನ ಮಾತಿಗೆ ಸಂಘ ತನ್ನ ತೀರ್ಮಾನವನ್ನೂ ಕೈಬಿಟ್ಟಿತು. ಬಾಗಿಲಿನ ಕೀಲಿಯನ್ನು ಟೈಲರಮ್ಮ ನರ್ಸಕ್ಕನ ಕೈಯಲ್ಲಿಟ್ಟಳು. ಬಿಸಿಲು ಇಳಿಯುವ ಹೊತ್ತಿಗೆ ಅವಳು ನಿನ್ನೆಯವರೆಗೆ ಇದ್ದ ಅದೇ ಮೂಲೆಯಲ್ಲಿ, ಅದೇ ಸ್ಟೂಲಿನ ಮೇಲೆ, ಅದೇ ಕಟ್ಟಿನ ಮುಂದೆ ಕೂತಿದ್ದಳು. ಕೆಳಗಿನಿಂದ ಪೊರಕೆ ಕುಟ್ಟುವ ಸದ್ದಿಲ್ಲ. ಮನಸ್ಸಿಟ್ಟು ಎರಡನೇ ತೋಳಿಗೆ ಕೈಹಾಕಿದಳು.

ಬಾಗಿಲು ಬಡಿದರು. ನರ್ಸಕ್ಕ. ಒಂದು ಕೈಯಲ್ಲಿ ಹದ್ದುಗಳ ಕಟ್ಟು, ಇನ್ನೊಂದರಲ್ಲಿ ಎರಡು ಲೋಟ ಚಹಾ.

"ಹಾಳು ಕೋಣೆ, ಸೂಜಿ ಬಿದ್ದರೂ ಕೇಳೋ ಹಾಗಿದೆ. ಕಣ್ಣು ಮುಚ್ಚಿದ್ರೆ ನಿನ್ನ ಹುಳುಗಳೇ ಬರ್ತಾವೆ. ಎಲ್ಲಿ ಸೋತೆ ಅಂತ ಗೊತ್ತಾಗಬೇಕು. ಒಂದೇ ಆಟ."

"ಅಕ್ಕಾ, ಸಮವಸ್ತ್ರ ನಾಳೆ ಕೊಡ್ಬೇಕು."

"ಕೊಡೋಣಂತೆ. ಗುಂಡಿ ನಾನು ಹಾಕ್ಕೊಡ್ತೀನಿ. ಗಾಯಕ್ಕೆ ಹೊಲಿಗೆ ಹಾಕಿದ ಕೈ ಇದು, ಅಂಗಿ ಯಾವ ಲೆಕ್ಕ?"

ಟೈಲರಮ್ಮ ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಸ್ಟೂಲನ್ನು ನರ್ಸಕ್ಕನ ಕಡೆ ಸರಿಸಿ, ತಾನು ನೆಲದ ಮೇಲೆ ಕೂತು ಕಾರ್ಡು ಕಲೆಸತೊಡಗಿದಳು. ಆ ದಿನ ಅವಳು ಹೊಲಿದದ್ದು ಒಂದೇ ತೋಳು.