ಉಡಿಗೆ ಹೋದ ಜೋಡಿ ಮೂತಿಯ ಹಡಗು

ಕುವೈತಿನಲ್ಲಿ ಹನ್ನೆರಡು ವರ್ಷದಿಂದ ಏಸಿ ರಿಪೇರಿ ಮಾಡುತ್ತಿದ್ದೇನೆ. ಆ ಕೆಲಸದಲ್ಲಿ ನನ್ನನ್ನು ನೋಡಿ ಯಾರೂ ನಕ್ಕಿಲ್ಲ. ರಜೆಯ ದಿನ ನಾಣ್ಯ ನೋಡಲು ಕೂತಾಗಿನಿಂದ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

ಈ ಹವ್ಯಾಸವನ್ನು ವಿವರಿಸುವುದು ಸುಲಭ, ಸಮರ್ಥಿಸಿಕೊಳ್ಳುವುದು ಕಷ್ಟ. ಟಂಕಸಾಲೆಯಲ್ಲಿ ಅಚ್ಚು ತಯಾರಿಸುವಾಗ ಎಂದೋ ಒಮ್ಮೆ ಚೂರು ಸರಿದು, ಅಕ್ಷರವೋ ಚಿತ್ರವೋ ಜೋಡಿಯಾಗಿ ಮೂಡುತ್ತದೆ. ಆ ಅಚ್ಚಿನಿಂದ ಬಂದ ನಾಣ್ಯಕ್ಕೆ ಸಂಗ್ರಾಹಕರು ಪ್ರಾಣ ಬಿಡುತ್ತಾರೆ. ಅದಕ್ಕಾಗಿ ನಾನು ಬ್ಯಾಂಕಿನಿಂದ ಫಿಲ್ಸ್, ಅಂದರೆ ಇಲ್ಲಿಯ ಪೈಸೆ, ಆ ನಾಣ್ಯಗಳ ರೋಲು ತರುತ್ತೇನೆ, ಒಂದೊಂದನ್ನೂ ಲೆನ್ಸ್ ಹಿಡಿದು ನೋಡುತ್ತೇನೆ, ಮತ್ತೆ ಸುತ್ತಿ ವಾಪಸ್ ಕೊಡುತ್ತೇನೆ. ರಿಗ್ಗೈಯ ನಮ್ಮ ಫ್ಲ್ಯಾಟಿನಲ್ಲಿ ಊಟದ ಟೇಬಲ್ಲು ಒಂದೇ. ಅದರ ಮೇಲೆ ನಾಣ್ಯ ಇರುವುದರಿಂದ ನಾವು ನೆಲದ ಮೇಲೆ ಕೂತು ಉಣ್ಣುತ್ತೇವೆ.

೧. ಬ್ಯಾಂಕಿನಲ್ಲಿ

ಮೂರನೇ ಸಲ ರೋಲು ವಾಪಸ್ ಕೊಟ್ಟಾಗ ಕೌಂಟರಿನ ಹೆಣ್ಣುಮಗಳು ಮೇಲಧಿಕಾರಿಯನ್ನು ಕರೆದಳು. ಅವರು ನನ್ನ ಸಿವಿಲ್ ಐಡಿ ಈಸಿಕೊಂಡು, ಕಿರಾಣಿ ಅಂಗಡಿ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಿದ್ದರೆ ಈ ಚಿಲ್ಲರೆ ಒಯ್ಯುವುದೇಕೆ, ತರುವುದೇಕೆ ಎಂದರು. ಕೆಟ್ಟ ನಾಣ್ಯ ಹುಡುಕುತ್ತಿದ್ದೇನೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರ ಮುಖ ಬಿಗಿಯಿತು. ನಮ್ಮ ಬ್ಯಾಂಕಿನಲ್ಲಿ ಕೆಟ್ಟ ನಾಣ್ಯ ಒಂದೂ ಇಲ್ಲ ಎಂದರು.

"ಅದೇ ಸಾರ್ ನನ್ನ ತಕರಾರು," ಎಂದೆ.

೨. ಬಕಾಲಾದಲ್ಲಿ

ಬ್ಯಾಂಕಿನ ದಾರಿ ಮುಚ್ಚಿದ ಮೇಲೆ ಮನೆ ಕೆಳಗಿನ ಕಿರಾಣಿ ಅಂಗಡಿ, ಇಲ್ಲಿಯವರು ಬಕಾಲಾ ಅನ್ನುವುದು, ಅದರ ಮಲಯಾಳಿ ಮಾಲೀಕನ ಕೈಕಾಲು ಹಿಡಿದೆ. ದೋಷ ಇರುವ ನಾಣ್ಯ ಬಂದರೆ ತೆಗೆದಿಡು ಎಂದೆ. ಪುಣ್ಯಾತ್ಮ ಮನಸ್ಸಿಟ್ಟು ಆರಿಸಿದ. ಒಂದು ವಾರದಲ್ಲಿ ಬಾಗಿದ್ದು, ತೂತು ಬಿದ್ದದ್ದು, ಚೂಯಿಂಗ್ ಗಮ್ ಅಂಟಿದ್ದು ಎಲ್ಲ ಕೂಡಿ ಒಂದು ಡಬ್ಬಿ ತುಂಬಿತ್ತು. ಬೇಡ ಅನ್ನಲು ಬಾಯಿ ಬರಲಿಲ್ಲ.

ಕೊನೆಗೆ ಜೇಬಿನಿಂದ ಚಪ್ಪಟೆಯಾದ ಒಂದು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟ. "ಭಾಯಿ, ಯೇ ಸ್ಪೆಷಲ್ ಹೈ. ಇಸ್ ಕೆ ಊಪರ್ ಪಾನಿ ಕಾ ಟ್ಯಾಂಕರ್ ಗಯಾ," ಎಂದ. ನೀರಿನ ಟ್ಯಾಂಕರ್ ಹಾಯಲಿ ಎಂದು ನನಗಾಗಿಯೇ ರಸ್ತೆಯ ಮೇಲೆ ಇಟ್ಟಿದ್ದನಂತೆ.

೩. ಶಾಲೆಯಲ್ಲಿ

ಅಪ್ಪ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಟೀಚರ್ ಕೇಳಿದ್ದಕ್ಕೆ ನನ್ನ ಮಗಳು ಕೊಟ್ಟ ಉತ್ತರ: "ಹೀ ಲುಕ್ಸ್ ಅಟ್ ಮನಿ. ಹೀ ಡಸಂಟ್ ಸ್ಪೆಂಡ್ ಇಟ್."

ಮುಂದಿನ ಪಾಲಕರ ಸಭೆಯಲ್ಲಿ ಟೀಚರ್ ನನ್ನನ್ನು ಬಹಳ ಗೌರವದಿಂದ ಮಾತಾಡಿಸಿದರು. ಶಾಲೆಯ ಹೊಸ ಕಟ್ಟಡದ ವಿಷಯವನ್ನೂ ಎತ್ತಿದರು.

೪. ಉಡಿ

ಇಷ್ಟೆಲ್ಲ ಆದ ಮೇಲೆ ಒಂದು ದಿನ ಸಿಕ್ಕಿತು. ಹತ್ತು ಫಿಲ್ಸಿನ ಹಳದಿ ನಾಣ್ಯ, ಮಾಸಿ ಕಂದು ಬಣ್ಣಕ್ಕೆ ತಿರುಗಿದ್ದು. ಕುವೈತಿನ ಎಲ್ಲ ನಾಣ್ಯದ ಮೇಲೂ ಒಂದು ಹಡಗಿರುತ್ತದೆ. ಇದರಲ್ಲಿ ಹಡಗಿನ ಮೂತಿ ಎರಡು ಗೆರೆಯಾಗಿ ಕಾಣುತ್ತಿತ್ತು. ಹವಲ್ಲಿಯಲ್ಲಿರುವ ಒಬ್ಬ ಹಿರಿಯ ಸಂಗ್ರಾಹಕರಿಗೆ ಫೋಟೋ ಕಳಿಸಿ, ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ, ಅನುಮಾನದ ಮೇಲೆ ತೆಗೆದಿಟ್ಟ ಬೇರೆ ನಾಲ್ಕು ಹಳದಿ ನಾಣ್ಯಗಳಿದ್ದ ಸ್ಟೀಲ್ ಡಬ್ಬಿಗೆ ಹಾಕಿದೆ. ಎರಡು ವಾರ ಬಿಟ್ಟು ಬಂದು ನೋಡುತ್ತೇನೆ ಎಂದು ಅವರು ಉತ್ತರಿಸಿದರು. ಅವರು ಹೌದು ಅಂದರೆ ಟೇಬಲ್ ನಿಮ್ಮದು, ಅಲ್ಲ ಅಂದರೆ ಈ ಕಸಬು ಬಂದ್ ಎಂದು ಹೆಂಡತಿ ಷರತ್ತು ಹಾಕಿದಳು. ನಾನು ಎದೆಯುಬ್ಬಿಸಿ ಒಪ್ಪಿದೆ.

ಅಷ್ಟರಲ್ಲಿ ಶ್ರಾವಣದ ಶುಕ್ರವಾರ ಬಂತು. ನಾನು ತುರ್ತು ರಿಪೇರಿಯೊಂದನ್ನು ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಐದು ಮಂದಿ ಮುತ್ತೈದೆಯರನ್ನು ಕರೆದು ಉಡಿ ತುಂಬಿ ಕಳಿಸಿದ್ದಳು. ಅಕ್ಕಿ, ಕಾಯಿ, ಎಲೆ, ಅಡಿಕೆ, ಕುಬಸದ ಖಣ, ಮೇಲೊಂದು ನಾಣ್ಯ. ನನ್ನ ಸ್ಟೀಲ್ ಡಬ್ಬಿ ಖಾಲಿಯಾಗಿತ್ತು.

"ಹಳದಿ ರೊಕ್ಕ ಲಕ್ಷಣ ಕಾಣ್ತಾವರೀ," ಎಂದಳು. "ಅದೂ ನೀವ ಆರಿಸಿ ತೆಗೆದಿಟ್ಟಿದ್ರಿ. ಛಲೋವು ಇರಬೇಕಂತ ಅವನ್ನ ಇಟ್ಟೆ."

ನನಗೆ ಅಳು ಬರುವುದೊಂದು ಬಾಕಿ. ವಾಪಸ್ ಕೇಳೋಣ ಎಂದೆ. ಉಡಿಯಲ್ಲಿ ಹಾಕಿದ್ದನ್ನು ಕೇಳುವ ಗಂಡಸು ನಮ್ಮ ಎರಡೂ ಮನೆತನದಲ್ಲಿ ಹುಟ್ಟಿಲ್ಲ ಎಂದಳು. ಬಹಳ ಗೋಗರೆದ ಮೇಲೆ ನೋಡಲು ಮಾತ್ರ ಒಪ್ಪಿದಳು. ಕೇಳಬಾರದು, ಬದಲಿ ಕೊಡಬಾರದು, ತಾವಾಗೇ ಕೊಟ್ಟರೆ ಬೇರೆ ಮಾತು. ಕಾವಲಿಗೆ ತಾನೂ ಹೊರಟಳು.

ನಾಲ್ಕು ಮನೆಗೆ ಹೋದೆವು. ನಾಲ್ಕು ಕಡೆ ಅವಲಕ್ಕಿ, ನಾಲ್ಕು ಕಡೆ ಚಹಾ. ಎಲ್ಲ ಕಡೆ ಉಡಿಯ ನಾಣ್ಯವನ್ನು ದೇವರ ಮುಂದೆ ಇಟ್ಟಿದ್ದರು, ಅಲ್ಲೇ ಬಗ್ಗಿ ಲೆನ್ಸ್ ಹಿಡಿದೆ. ನನಗೆ ಭಕ್ತಿ ಹೆಚ್ಚಾಗಿದೆ ಎಂದು ಸುದ್ದಿಯಾಯಿತು.

ಐದನೆಯವರ ಮನೆ ಫಹಾಹೀಲಿನಲ್ಲಿ. ಬಾಗಲಕೋಟೆ ಕಡೆಯ ಹೆಣ್ಣುಮಗಳು, ನನ್ನನ್ನು ಅಣ್ಣಾರ ಎಂದೇ ಕರೆಯುವವಳು. ನಮ್ಮನೆಯ ಉಡಿ ನಾಣ್ಯ ನೋಡಬೇಕು ಎಂದದ್ದೇ ತಡ, ದೇವರ ಜಗುಲಿಯಿಂದ ತಂದು ಕೊಟ್ಟಳು. ಅಂಚಿನಲ್ಲಿ ನಾನು ಗುರುತು ಇಟ್ಟುಕೊಂಡಿದ್ದ ಸಣ್ಣ ಕಚ್ಚು ಇತ್ತು. ಅದೇ ನಾಣ್ಯ. ಆದರೆ ಫಳಫಳ ಹೊಳೆಯುತ್ತಿತ್ತು. ಪೂಜೆಗೆ ಇಡುವ ಮೊದಲು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದ್ದಳಂತೆ.

ಲೆನ್ಸ್ ಹಿಡಿದೆ. ಹಡಗಿಗೆ ಮೂತಿ ಒಂದೇ ಇತ್ತು. ಅಚ್ಚಿನ ದೋಷ ಹುಣಸೆಹಣ್ಣಿಗೆ ಹೋಗುವುದಿಲ್ಲ, ಹೋಗಿದ್ದು ಕೊಳೆ. ಅಷ್ಟು ದಿನ ನಾನು ಯಾರದೋ ಜೇಬಿನ ಕೊಳೆಯನ್ನು ಹತ್ತಿಯಲ್ಲಿ ಸುತ್ತಿ ಕಾಪಾಡಿದ್ದೆ. ನಿಜ ಹೇಳಬೇಕೆಂದರೆ ಬಹಳ ಸಂಕಟವಾಯಿತು. ಮುಖ ಬಾಡಿದ್ದು ಅವಳಿಗೂ ಕಂಡಿತು.

"ಮಾಸಿದ ರೊಕ್ಕ ಉಡಿಯೊಳಗ ಹೋತಂತ ನಾಚ್ಕೊಂಡು ಇಲ್ಲಿತನಾ ಬಂದ್ರೇನು, ಅಣ್ಣಾರ?" ಎಂದಳು. "ಅಷ್ಟ್ಯಾಕ ಮನಸಿಗೆ ಹಚ್ಕೊಂತೀರಿ? ಮನ್ಯಾಗ ಇನ್ನೂ ಅಂಥಾವು ಇದ್ರ ಕೊಡ್ರಿ, ನಾ ತಿಕ್ಕಿ ಕೊಡ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಉತ್ತರ ಕೊಟ್ಟಳು.

"ಟೇಬಲ್ ತುಂಬ ಅದಾವ್ರೀ. ನಾಳೇನ ಕಳಸ್ತೀನಿ."